ಬೀದಿಯ ಮರಿ ಮನೆಗೆ ಬಂದಾಗ

ಹೆಮ್ಮರಗಾಲದ ವೇಣುಗೋಪಾಲಸ್ವಾಮಿ ದೇವಸ್ಥಾನದ ಬೀದಿಯಲ್ಲೋ ನಂಜನಗೂಡಿನ ಬಸ್ ನಿಲ್ದಾಣದಲ್ಲೋ ಸಿಕ್ಕ ನಾಯಿಮರಿಯನ್ನು ಮನೆಗೆ ತಂದಿದ್ದೀರಾ? ಒಳ್ಳೆಯ ಕೆಲಸ. ಇನ್ನು ಅದು ನಡುಮನೆಯಲ್ಲಿ ಉಚ್ಚೆ ಹೊಯ್ದರೆ ಮೂತಿ ಹಿಡಿದು ಉಜ್ಜುವುದು, ಪೊರಕೆ ಎತ್ತುವುದು ಬೇಡ. ಅದರಿಂದ ಮರಿ ಕಲಿಯುವುದು ಒಂದೇ ಪಾಠ: ನಿಮ್ಮ ಕಣ್ಣು ತಪ್ಪಿಸಿ ಮಂಚದ ಕೆಳಗೆ ಹೋಗುವುದು.

2 ತಿಂಗಳ ಮರಿಗೆ ಹಗಲಲ್ಲಿ 2 ಗಂಟೆಗಿಂತ ಹೆಚ್ಚು ತಡೆದುಕೊಳ್ಳುವುದು ಕಷ್ಟ. ಎದ್ದ ಕೂಡಲೇ, ಉಂಡ ಮೇಲೆ, ಆಟ ಮುಗಿದಾಗ ಹಿತ್ತಲಿಗೆ ಕರೆದೊಯ್ಯಿರಿ. ದಿನವೂ ಅದೇ ಜಾಗ, ತೆಂಗಿನ ಬುಡವಾದರೂ ಸರಿ. ನೆಲ ಮೂಸುತ್ತಾ ಸುತ್ತು ಹಾಕತೊಡಗಿದರೆ ಎತ್ತಿಕೊಂಡು ಓಡಿ. ಮುಗಿಸಿದ ತಕ್ಷಣ, ಒಳಗೆ ಬಂದ ಮೇಲಲ್ಲ, ಅಲ್ಲೇ ಒಂದು ಚೂರು ಬೇಯಿಸಿದ ಮೊಟ್ಟೆ ಕೊಟ್ಟು ಬೆನ್ನು ಸವರಿ. ರಾತ್ರಿ ಒಮ್ಮೆಯಾದರೂ ಏಳಲೇಬೇಕು, ಬೇರೆ ದಾರಿಯಿಲ್ಲ.

ಗಲೀಜಾದ ಕಡೆ ಬರೀ ಫಿನಾಯಿಲ್ ಸುರಿದರೆ ವಾಸನೆ ಹೋಗುವುದು ನಮ್ಮ ಮೂಗಿಗೆ, ಮರಿಯ ಮೂಗಿಗಲ್ಲ. ನೀರಿಗೆ ವಿನಿಗರ್ ಬೆರೆಸಿ ಒರೆಸಿ. ಹಾಲು ಕುಡಿದು ಭೇದಿಯಾಗುತ್ತಿದ್ದರೆ ಯಾವ ತರಬೇತಿಯೂ ನಾಟದು; ಮೊದಲು ಹಾಲು ನಿಲ್ಲಿಸಿ.

ಲಸಿಕೆಗಳು ಮುಗಿಯುವ ತನಕ ಬೀದಿನಾಯಿಗಳು ಓಡಾಡುವಲ್ಲಿ ಬಿಡಬೇಡಿ, ಪಾರ್ವೊ ಕಾಯಿಲೆ ಮರಿಗಳನ್ನು ಬೇಗ ಕೊಲ್ಲುತ್ತದೆ. 3 ತಿಂಗಳು ತುಂಬಿದಾಗ ರೇಬೀಸ್ ಲಸಿಕೆಗೆ ಪಶು ಆಸ್ಪತ್ರೆಗೆ ಮರೆಯದೆ ಕರೆದೊಯ್ಯಿರಿ.