ಬೋರ್ಡು ಹೋಗಿರಲಿಲ್ಲ

ಕಾರ್ಡ್‌ಲೆಸ್ ಫೋನು ಕೆಟ್ಟಿತೆಂದು ಅಂಗಡಿಗೆ ಹೊರಡುವ ಮುಂಚೆ ಹ್ಯಾಂಡ್‌ಸೆಟ್ಟಿನ ಹಿಂದಿನ ಮುಚ್ಚಳ ಸರಿಸಿ, ಒಳಗಿರುವ ಸೆಲ್ಲಿನ ಮೇಲೆ ಏನು ಬರೆದಿದೆ ಓದಿ. 1.2 ವೋಲ್ಟ್, ರೀಚಾರ್ಜಬಲ್ ಎಂದಿದ್ದರೆ ಸರಿ. 1.5 ವೋಲ್ಟ್ ಎಂದಿದ್ದರೆ ಆ ಕ್ಷಣವೇ ಕಿತ್ತು ಹೊರಗಿಡಿ. ಹಾಗೆ ಓದುವ ಕೆಲಸ ಸೆಲ್ಲು ಹಾಕಿದವನದು, ದುಡ್ಡು ಕೊಟ್ಟವರದಲ್ಲ. ಆದರೆ ನಮ್ಮ ಫೋನಿಗೆ ಸೆಲ್ಲು ಹಾಕಿದ ಅಂಗಡಿಯವನು ಓದಲಿಲ್ಲ. ಅದರ ಫಲವನ್ನು ನಮ್ಮ ಮನೆ ಒಂದು ರಾತ್ರಿ ಪೂರ್ತಿ ಅನುಭವಿಸಿತು. ವರ್ಷಗಳು ಕಳೆದರೂ ನನ್ನ ಸಿಟ್ಟು ಇಳಿದಿಲ್ಲ.

ನಮ್ಮದು ಹುಣಸೂರು ತಾಲ್ಲೂಕಿನ ಹನಗೋಡು ಹೋಬಳಿ, ನಾಗರಹೊಳೆ ಕಾಡಿನ ಅಂಚು. ಊರಿಂದ ಆಚೆ ಜಮೀನಿನಲ್ಲೇ ಮನೆ. ಮನೆಯಿಂದ ಕೂಗಿದರೆ ಕೇಳಿಸದಷ್ಟು ದೂರದಲ್ಲಿ ಹೊಗೆಸೊಪ್ಪು ಬೇಯಿಸುವ ಮನೆ, ಬ್ಯಾರನ್. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಬ್ಯಾರನ್ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಒಳಗೆ ಏರಿಸಿದ ಮೇಲೆ ಐದಾರು ದಿನ ಒಲೆಯ ಬೆಂಕಿ ಆರುವಂತಿಲ್ಲ, ಜೋರಾಗುವಂತೆಯೂ ಇಲ್ಲ. ಎಲೆ ಹಳದಿಗೆ ತಿರುಗುವಾಗ 100 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು, ಕೊನೆಗೆ ದಂಟು ಒಣಗುವಾಗ 160ರವರೆಗೆ. ಒಂದು ರಾತ್ರಿ ಕಣ್ಣು ಮುಚ್ಚಿದರೆ ಕಟ್ಟೆಮಳಲವಾಡಿಯ ಹರಾಜಿನಲ್ಲಿ ಆ ಸೊಪ್ಪನ್ನು ಕೇಳುವವರಿರುವುದಿಲ್ಲ. ಹಾಗಾಗಿ ಆ ದಿನಗಳಲ್ಲಿ ನಮ್ಮವರು ಮಲಗುವುದು ಒಲೆಯ ಮುಂದೆಯೇ.

ಆಗ ಮೊಬೈಲು ಸಿಗ್ನಲ್ ನಮ್ಮ ತಗ್ಗಿಗೆ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತು, ಅದಕ್ಕೊಂದು ತಂತಿಯ ಫೋನಿತ್ತು. ಮೈಸೂರಿನಲ್ಲಿ ಕೆಲಸದಲ್ಲಿರುವ ನನ್ನ ಮೈದುನ ಒಂದು ಹಬ್ಬಕ್ಕೆ ಬಂದವನು ಕಾರ್ಡ್‌ಲೆಸ್ ತಂದು ಹಾಕಿಕೊಟ್ಟ. ತಂದದ್ದು ಒಳ್ಳೆಯದೇ. ಬಯಲಿನಲ್ಲಿ ಎದುರಿಗೆ ಅಡ್ಡವಿಲ್ಲದಿದ್ದರೆ ಡೆಕ್ಟ್ ಎಂಬ ಈ ಬಗೆಯ ಕಾರ್ಡ್‌ಲೆಸ್ ಫೋನು 300 ಮೀಟರ್‌ವರೆಗೂ ಮಾತಾಡುತ್ತದೆ. ಬ್ಯಾರನ್ನಿನ ಗೋಡೆ, ತಗಡಿನ ಮರೆಯಲ್ಲಿ ಅಷ್ಟು ಬರದಿದ್ದರೂ ಒಲೆಯ ಮುಂದೆ ಕೂತರೆ ಚೆನ್ನಾಗಿ ಕೇಳಿಸುತ್ತಿತ್ತು. ಲೈನಿಗೆ ಜೋಡಿಸಿ ಮನೆಯಲ್ಲಿಟ್ಟ ಬೇಸಿನ ಗುಂಡಿಯನ್ನು ನಾನು ಒತ್ತಿದರೆ ಅಲ್ಲಿ ಹ್ಯಾಂಡ್‌ಸೆಟ್ ಗಂಟೆ ಹೊಡೆಯುತ್ತಿತ್ತು. ಒಂದು ಗಂಟೆ ಬಂದರೆ ಊಟಕ್ಕೆ ಬನ್ನಿ, ಬಿಟ್ಟೂ ಬಿಡದೆ ಬಂದರೆ ಹುಷಾರು ಎಂದು ನಮ್ಮಲ್ಲೇ ಮಾತಾಗಿತ್ತು.

ಆದರೆ ಮೈದುನ ಹೋಗುವಾಗ ತಂತಿಯ ಫೋನನ್ನು ಬಿಚ್ಚಿ ತನ್ನ ಬ್ಯಾಗಿಗೆ ಹಾಕಿಕೊಂಡ. "ಇನ್ನು ಇದ್ಯಾಕೆ ಅತ್ತಿಗೆ, ಸುಮ್ನೆ ಧೂಳು ಹಿಡೀತದೆ" ಅಂದ. ಇರಲಿ ಬಿಡಪ್ಪ, ಒಂದು ಮೂಲೆಯಲ್ಲಿರಲಿ ಎಂದು ನಾನು ಎರಡು ಸಲ ಹೇಳಿದೆ. ಕೇಳಲಿಲ್ಲ. ಓದಿದವನು ಹೇಳುತ್ತಾನೆ ಎಂದು ಅತ್ತೆ, ನಮ್ಮವರು ಇಬ್ಬರೂ ಅವನ ಕಡೆಗೇ ನಿಂತರು.

ಒಂದೆರಡು ವರ್ಷ ಕಳೆದ ಮೇಲೆ ಹ್ಯಾಂಡ್‌ಸೆಟ್ಟಿನಲ್ಲಿ ಚಾರ್ಜು ನಿಲ್ಲದಾಯಿತು. ಅದು ಸಹಜ. ಒಳಗಿನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳ ಆಯಸ್ಸೇ ಅಷ್ಟು. ಪೇಟೆಗೆ ಹೋದಾಗ ಒಂದು ಅಂಗಡಿಗೆ ಕೊಟ್ಟೆವು. ಅಂಗಡಿಯವನು ಹಳೆಯ ಎರಡು ಸಣ್ಣ ಸೆಲ್ಲು ತೆಗೆದು ಹೊಸ ಎರಡು ಹಾಕಿ, ಪರದೆಯ ಮೇಲೆ ಬ್ಯಾಟರಿ ಗುರುತು ತುಂಬಿದ್ದನ್ನು ತೋರಿಸಿ, "ಇನ್ನು ಯೋಚನೆ ಮಾಡಬೇಡಿ ಸಾರ್" ಎಂದು ದುಡ್ಡು ಇಸಿದುಕೊಂಡ. ಅವನು ಹಾಕಿದ್ದು ಟಿ.ವಿ. ರಿಮೋಟಿಗೆ ಹಾಕುವ ಮಾಮೂಲಿ ಆಲ್ಕಲೈನ್ ಸೆಲ್ಲು.

ಮುಂದಿನದು ಆಗಸ್ಟ್ ತಿಂಗಳ ಒಂದು ರಾತ್ರಿ. ಸಂಜೆಯಿಂದಲೂ ಹಿಡಿದ ಮಳೆ. ನಮ್ಮವರು ಊಟ ಮುಗಿಸಿ ಹ್ಯಾಂಡ್‌ಸೆಟ್ ಜೇಬಿಗಿಟ್ಟುಕೊಂಡು ಬ್ಯಾರನ್ನಿಗೆ ಹೋಗಿದ್ದರು. ಬ್ಯಾಟರಿ ಗುರುತು ಪೂರ್ತಿ ಇದ್ದುದನ್ನು ನಾನೇ ಕಣ್ಣಾರೆ ನೋಡಿದ್ದೆ. ಅತ್ತೆಗೂ ಮಗಳಿಗೂ ನಿದ್ದೆ ಹತ್ತಿತ್ತು. ನಡುರಾತ್ರಿ ದಾಟಿರಬೇಕು, ಹಿತ್ತಲಿನ ಬಾಳೆ ಮುರಿದ ಸದ್ದಾಯಿತು. ಗಾಳಿಗೆ ಮುರಿದರೆ ಒಂದು ಸಲ ಸದ್ದಾಗಿ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಮುರಿಯುವುದು, ಎಳೆಯುವುದು, ಸಿಗಿಯುವುದು. ಕಿಟಕಿಯ ಬಳಿ ನಿಂತಾಗ ಆ ವಾಸನೆಯೂ ಬಂತು. ಕಾಡಿನಂಚಿನವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆನೆ ತಡೆಯುವ ರೈಲು ಕಂಬಿಯ ಬೇಲಿ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಇದ್ದ ಕಂದಕದ ಏರಿ ಮಳೆಗೆ ಕುಸಿದಿತ್ತು. ಆನೆ ಹೊಗೆಸೊಪ್ಪು ತಿನ್ನುವುದಿಲ್ಲ. ಬಾಳೆಗೆ, ಮುಸುಕಿನ ಜೋಳಕ್ಕೆ ಬರುತ್ತದೆ. ನಮ್ಮ ಜೋಳದ ಹೊಲ ಇದ್ದುದು ಬ್ಯಾರನ್ನಿನ ಪಕ್ಕದಲ್ಲಿ.

ನಮ್ಮವರಿಗೆ ಒಲೆಗೆ ಸೌದೆ ತುಂಬಿ ಒಂದು ಸುತ್ತು ಹೊರಗೆ ಬರುವ ಅಭ್ಯಾಸ. ಬರಬೇಡಿ ಎಂದು ಹೇಳಬೇಕಿತ್ತು. ಬೇಸಿನ ಗುಂಡಿ ಒತ್ತಿದೆ. ಬಿಡದೆ ಒತ್ತಿದೆ. ಬೇಸಿನ ದೀಪ ಹೊಳೆಯುತ್ತಿತ್ತು, ಕರೆಂಟು ಇತ್ತು, ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಬ್ಯಾರನ್ನಿನ ಕಡೆಯಿಂದ ಉತ್ತರವಿಲ್ಲ. ಮಳೆಯಲ್ಲಿ ಅವರಿಗೆ ಗಂಟೆ ಕೇಳಿಸದಿರಬಹುದು ಅಂದುಕೊಂಡೆ. ಮತ್ತೆ ಒತ್ತಿದೆ. ಅತ್ತ ಟಾರ್ಚು ಬಿಟ್ಟರೆ ಆನೆಯ ಗಮನ ಅವರ ಕಡೆಗೇ ತಿರುಗೀತೆಂದು ಬಿಡಲಿಲ್ಲ. ಕೂಗಿದರೆ ತಗಡಿನ ಮೇಲೆ ಬೀಳುವ ಮಳೆಯಲ್ಲಿ ಅವರಿಗೆ ಕೇಳಿಸದು, ಆನೆಗೆ ಕೇಳಿಸುತ್ತದೆ.

ಅರಣ್ಯ ಇಲಾಖೆಗಾದರೂ ಫೋನು ಮಾಡೋಣವೆಂದು ಕೈ ಚಾಚಿದೆ. ನಂಬರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೇ ಇತ್ತು. ಲೈನು ಗೋಡೆಯ ಪೆಟ್ಟಿಗೆಯವರೆಗೆ ಬಂದು ಜೀವಂತವಾಗಿತ್ತು. ಆದರೆ ಯಾವುದರಲ್ಲಿ ಮಾತಾಡಲಿ? ಬೇಸಿಗೆ ಅಂಕಿಯ ಗುಂಡಿಗಳಿಲ್ಲ, ಕಿವಿಗಿಡಲು ಏನೂ ಇಲ್ಲ. ಹ್ಯಾಂಡ್‌ಸೆಟ್ ಅವರ ಜೇಬಿನಲ್ಲಿ. ತಂತಿಯ ಫೋನು ಮೈಸೂರಿನಲ್ಲಿ, ಮೈದುನನ ಮನೆಯಲ್ಲಿ. ಲೈನಿದ್ದೂ ಒಂದು ಮಾತು ಹೊರಗೆ ಹೋಗದಂತೆ ನಿಂತ ಆ ಹೊತ್ತು ನನಗೆ ಇಂದಿಗೂ ಕನಸಿನಲ್ಲಿ ಬರುತ್ತದೆ. ಅಷ್ಟರಲ್ಲಿ ಕರೆಂಟೂ ಹೋಯಿತು. ಬೇಸಿನ ದೀಪವೂ ಆರಿತು.

ಕತ್ತಲಲ್ಲಿ ಅತ್ತೆ ಎದ್ದು ಬಂದರು. ಏನೆಂದು ಕೇಳಲಿಲ್ಲ, ಅವರಿಗೂ ಸದ್ದು ಕೇಳಿಸಿತ್ತು. ಇಬ್ಬರೂ ಕಿಟಕಿ ಹಿಡಿದು ನಿಂತೆವು. ಬಾಳೆಯ ಸದ್ದು ನಿಂತು ಹೆಜ್ಜೆಯ ಸಪ್ಪಳ ಕೆಸರಿನಲ್ಲಿ ಬ್ಯಾರನ್ನಿನ ಕಡೆಗೆ ಸಾಗಿತು. ಒಂದಲ್ಲ, ಹಿಂಡು. ಒಲೆಯ ಕೆಂಪು ಬೆಳಕಿಗೆ ಅಡ್ಡವಾಗಿ ಒಂದು ಮೈ ಹಾದುಹೋದದ್ದು ಕಂಡಿತು. ಬೆಳಕು ಮುಚ್ಚಿತು, ಮತ್ತೆ ಕಂಡಿತು, ಮತ್ತೆ ಮುಚ್ಚಿತು. ತಗಡು ಕಿತ್ತ ಸದ್ದು ಬಂದಾಗ ಅತ್ತೆ ಅಲ್ಲೇ ಕುಸಿದು ಕೂತರು.

ನಮ್ಮವರು ಬದುಕಿದ್ದು ಅವರ ಸಮಯಪ್ರಜ್ಞೆಯಿಂದ. ಸೌದೆ ತರಲು ಎದ್ದವರು ಜೋಳದ ಹೊಲದಲ್ಲಿ ಕಡ್ಡಿ ಮುರಿದ ಸದ್ದು ಕೇಳಿ ಬ್ಯಾರನ್ನಿನ ಬಾಗಿಲು ತೆಗೆದು ಒಳಗೆ ಸೇರಿಕೊಂಡರು. ಅಂದು ಸೊಪ್ಪು ಹಳದಿಗೆ ತಿರುಗುವ ಹಂತದಲ್ಲಿತ್ತು, ಹಾಗಾಗಿ ಒಳಗೆ ಉಸಿರಾಡಬಹುದಿತ್ತು. ದಂಟು ಒಣಗಿಸುವ 160 ಡಿಗ್ರಿಯಾಗಿದ್ದರೆ ಒಳಗೆ ಹೋಗುವ ಮಾತೇ ಇರಲಿಲ್ಲ. ತೂಗುವ ಸೊಪ್ಪಿನ ಕೆಳಗೆ ಕೂತು ಹ್ಯಾಂಡ್‌ಸೆಟ್ ಒತ್ತಿದರಂತೆ, ಒತ್ತಿ ಒತ್ತಿ ನೋಡಿದರಂತೆ. ಪರದೆ ಕಪ್ಪು. ಬೆಳಗಿನ ಜಾವ ಹಿಂಡು ತಾನಾಗಿ ಕಾಡಿಗೆ ತಿರುಗಿತು. ಒಲೆಯ ಮುಂದಿನ ತಗಡಿನ ಚಪ್ಪರ ಹೋಯಿತು, ಜೋಳ ಹೋಯಿತು, ಬೆಂಕಿ ಆರಿ ಆ ಬ್ಯಾರನ್ನಿನ ಸೊಪ್ಪೂ ಹಸಿರಿಗೇ ನಿಂತು ಕೆಟ್ಟಿತು. ಮನುಷ್ಯ ಉಳಿದ.

ಹ್ಯಾಂಡ್‌ಸೆಟ್ಟನ್ನು ಅದೇ ಅಂಗಡಿಗೆ ಒಯ್ದಾಗ ಅವನು ಮುಚ್ಚಳವನ್ನೂ ತೆಗೆಯದೆ, "ಬೋರ್ಡು ಹೋಗಿದೆ ಕಣಮ್ಮ, ಹೊಸದು ತಗೊಳಿ" ಅಂದ. ಆ ಮಾತಿಗೆ ನಾನು ಸುಮ್ಮನೆ ವಾಪಸು ಬರುವವಳಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು, ಮಲ್ಟಿಮೀಟರ್ ಹಿಡಿದವಳು. ಮನೆಗೆ ತಂದು ನಾನೇ ಬಿಚ್ಚಿದೆ.

ಮುಚ್ಚಳ ತೆಗೆದ ಕೂಡಲೇ ವಿಷಯ ಗೊತ್ತಾಯಿತು. ಸೆಲ್ಲುಗಳು ಉಬ್ಬಿ ಬಾಯಿ ಬಿಟ್ಟು, ಸುತ್ತಲೂ ಬಿಳಿ ಹುಡಿ. ಸ್ಪ್ರಿಂಗು ತುಕ್ಕು ಹಿಡಿದು ಹಸಿರಾಗಿ ಬುಡದಲ್ಲೇ ತುಂಡಾಗಿತ್ತು. ಕಾರಣ ಬಹಳ ಸರಳ. ಈ ಹ್ಯಾಂಡ್‌ಸೆಟ್ಟಿಗೆ ಬೇಕಾದದ್ದು 1.2 ವೋಲ್ಟಿನ ಎರಡು ಸೆಲ್ಲು, ಒಟ್ಟು 2.4. ಮಾಮೂಲಿ ಸೆಲ್ಲು ಎರಡು ಸೇರಿದರೆ 3 ವೋಲ್ಟ್. 2.4ಕ್ಕೆ ಲೆಕ್ಕ ಹಾಕಿದ ಪರದೆ ಅದನ್ನು ಕಂಡು ಬ್ಯಾಟರಿ ಪೂರ್ತಿ ತುಂಬಿದೆ ಎಂದು ತೋರಿಸುತ್ತದೆ. ದಿನವೂ ಹ್ಯಾಂಡ್‌ಸೆಟ್ಟನ್ನು ಬೇಸಿನ ತೊಟ್ಟಿಲಿಗಿಟ್ಟಾಗ ಬೇಸು ಆ ಸೆಲ್ಲಿಗೂ ಚಾರ್ಜು ನೂಕುತ್ತದೆ. ಚಾರ್ಜು ತೆಗೆದುಕೊಳ್ಳಲು ಮಾಡಿದ ಸೆಲ್ಲಲ್ಲ ಅದು, ಒಳಗೆ ಅನಿಲ ತುಂಬಿ ಕ್ಷಾರ ಸೋರುತ್ತದೆ. ಸೋರಿದ ಕ್ಷಾರ ಲೋಹವನ್ನು ತಿನ್ನುತ್ತಾ ಹೋಗಿ ಒಂದು ದಿನ ಸಂಪರ್ಕ ಕಡಿಯುತ್ತದೆ. ನಮಗೆ ಆ ದಿನ ಆನೆ ಬಂದ ದಿನವಾಯಿತು.

ರಿಪೇರಿ ಮಾಡಿದ್ದು ಹೀಗೆ. ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಸೆಲ್ಲು ತೆಗೆದೆ. ಸೋರಿದ್ದು ಕ್ಷಾರವಾದ್ದರಿಂದ ಹುಳಿ ಬೇಕು. ಹತ್ತಿಯನ್ನು ನಿಂಬೆರಸದಲ್ಲಿ ಅದ್ದಿ ಒರೆಸಿದೆ, ನೊರೆ ಬಂದು ಅಡಗಿತು. ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಮೆಡಿಕಲ್ ಸ್ಟೋರಿನ ಸ್ಪಿರಿಟ್ಟು. ಸೆಲ್ಲಿನ ಗೂಡಿನಲ್ಲಿದ್ದ ಸಣ್ಣ ಸ್ಕ್ರೂ ಬಿಚ್ಚಿ, ಅಂಚಿನ ಸಂದಿಗೆ ಹಳೆಯ ರೀಚಾರ್ಜ್ ಕಾರ್ಡು ತೂರಿಸಿ ಮೆಲ್ಲಗೆ ಹೊರಳಿಸಿದಾಗ ಹ್ಯಾಂಡ್‌ಸೆಟ್ ಎರಡು ಭಾಗವಾಯಿತು. ಬೋರ್ಡು ಹೊಸದರಂತೆ ಹಸಿರಾಗಿ ಹೊಳೆಯುತ್ತಿತ್ತು. ಕೆಟ್ಟ ರಿಮೋಟಿನಿಂದ ಒಂದು ಸ್ಪ್ರಿಂಗು ಕಿತ್ತು, 25 ವ್ಯಾಟಿನ ಸಾಲ್ಡರಿಂಗ್ ಕಬ್ಬಿಣದಿಂದ ಕೂರಿಸಿದೆ. ತೊಟ್ಟಿಲಿನ ಎರಡು ಲೋಹದ ಪಟ್ಟಿಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ಮೈಸೂರಿನಿಂದ ಸರಿಯಾದ ಸೆಲ್ಲು ತರಿಸಿ ಹಾಕಿ, ಮೊದಲ ಸಲ ಏಳೆಂಟು ಗಂಟೆ ಎತ್ತದೆ ಚಾರ್ಜಿಗಿಟ್ಟೆ. ಡಯಲ್ ಟೋನ್ ಬಂತು. ಹೋಗಿದೆ ಎಂದ ಅದೇ ಬೋರ್ಡಿನಲ್ಲಿ ಇವತ್ತಿಗೂ ಮಾತಾಡುತ್ತಿದ್ದೇವೆ.

ಸುದ್ದಿ ಹರಡಿ ನೆಂಟರಿಷ್ಟರ ಫೋನುಗಳು ನನ್ನ ಬಳಿ ಬರತೊಡಗಿದವು. ಪಿರಿಯಾಪಟ್ಟಣದ ಅಕ್ಕನದರಲ್ಲಿ ಕೆಲವು ಅಂಕಿಗಳು ಒತ್ತಿಕೊಳ್ಳುತ್ತಿರಲಿಲ್ಲ. ರಬ್ಬರ್ ಹಾಳೆ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಒಣಗಿಸಿದರೆ ಸಾಕಾಯಿತು. ಅದರ ಹಿಂದಿನ ಕಪ್ಪು ಚುಕ್ಕಿಗಳು ಇಂಗಾಲದವು, ಉಪ್ಪುಕಾಗದದಿಂದ ಉಜ್ಜಿದರೆ ಕೆಟ್ಟೇ ಹೋಗುತ್ತವೆ. ಕೆ.ಆರ್. ನಗರದ ಚಿಕ್ಕಮ್ಮನ ಮಗ ಅಮೆರಿಕದಿಂದ ತಂದ ಫೋನು ಮೊದಲ ದಿನವೇ ಹೊಗೆಯಾಡಿತ್ತು. ಅಲ್ಲಿನ ಅಡಾಪ್ಟರ್ 120 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ಅಡಾಪ್ಟರ್ ಬದಲಿಸಿ ಕೊಡು ಎಂದರು, ನಾನು ಒಪ್ಪಲಿಲ್ಲ. ಅಮೆರಿಕದ ಡೆಕ್ಟ್ 6.0 ಫೋನು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ನಮ್ಮ ದೇಶದಲ್ಲಿ ಕಾರ್ಡ್‌ಲೆಸ್‌ಗೆ ಬಿಟ್ಟಿರುವುದು 1880ರಿಂದ 1900. ಅಮೆರಿಕದ ಫೋನು ಇಲ್ಲಿನ ಮೊಬೈಲ್ ಸೇವೆಯ ಅಲೆಗೆ ಅಡ್ಡ ಬರುತ್ತದೆ, ಇಲ್ಲಿ ಬಳಸುವಂತಿಲ್ಲ. ಎಚ್.ಡಿ. ಕೋಟೆಯಿಂದ ಬಂದ ಒಂದನ್ನು ಮಾತ್ರ ನನ್ನಿಂದ ಉಳಿಸಲಾಗಲಿಲ್ಲ. ಭರಣಿ ಮಳೆಯ ಸಿಡಿಲು ಫೋನಿನ ತಂತಿಯ ಮೂಲಕವೇ ಒಳಗೆ ನುಗ್ಗಿ ಬೋರ್ಡನ್ನು ಸುಟ್ಟಿತ್ತು. ಗುಡುಗು ಕೇಳಿದರೆ ಕರೆಂಟಿನ ಪಿನ್ನು ಕಿತ್ತರೆ ಸಾಲದು, ಲೈನಿನ ಪಿನ್ನನ್ನೂ ಕೀಳಬೇಕು.

ನಿಮ್ಮ ಫೋನು ಕೆಟ್ಟರೆ ಹೀಗೆ ಒಂದೊಂದಾಗಿ ನೋಡಿ. ಮೊದಲು ಅಡಾಪ್ಟರ್: ಬೇಸಿನ ಮೇಲೆ ಬರೆದ ವೋಲ್ಟು, ಆಂಪಿಯರ್, ಪ್ಲಸ್ ಮೈನಸ್ ಗುರುತು ಅದರ ಮೇಲೆ ಬರೆದದ್ದಕ್ಕೆ ಹೊಂದಬೇಕು. ಎರಡನೆಯದು ಲೈನು: ತಾಮ್ರದ ಲೈನಾದರೆ ಗೋಡೆಯ ಪೆಟ್ಟಿಗೆಯಲ್ಲಿ ಮೀಟರು 48 ವೋಲ್ಟಿನ ಆಸುಪಾಸು ತೋರಿಸಬೇಕು. ಆಗ ಬರಿಗೈಯಲ್ಲಿ ತಂತಿ ಮುಟ್ಟಬೇಡಿ, ಗಂಟೆ ಬಾರಿಸುವಾಗ ಅದರಲ್ಲಿ 75ರಿಂದ 90 ವೋಲ್ಟ್ ಇರುತ್ತದೆ. ಮೂರನೆಯದು ಸೆಲ್ಲು, ನಾಲ್ಕನೆಯದು ತೊಟ್ಟಿಲಿನ ಪಟ್ಟಿ. ಇವು ನಾಲ್ಕೂ ಸರಿಯಿದ್ದರೆ ಮಾತ್ರ ಬೋರ್ಡಿನ ಮಾತು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಸೆಲ್ಲು ಎಷ್ಟೇ ಚೆನ್ನಾಗಿದ್ದರೂ ಕರೆಂಟು ಹೋದರೆ ಬೇಸು ಸತ್ತಂತೆ, ಬೇಸು ಸತ್ತರೆ ಹ್ಯಾಂಡ್‌ಸೆಟ್ಟೂ ಸತ್ತಂತೆ. ತಂತಿಯ ಫೋನು ಹಾಗಲ್ಲ, ಎಕ್ಸ್‌ಚೇಂಜಿನ ಬ್ಯಾಟರಿಯಿಂದ ತಾಮ್ರದ ತಂತಿಯಲ್ಲಿ ಬರುವ ಆ 48 ವೋಲ್ಟಿನಲ್ಲೇ ಅದು ಬದುಕುತ್ತದೆ. ಈಗ ನಮ್ಮ ಕಡೆಗೂ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಹಾಗಾಗಿ ಗೋಡೆಯ ಫೈಬರ್ ಪೆಟ್ಟಿಗೆ ಆರಿದರೆ ತಂತಿಯ ಫೋನೂ ಆರುತ್ತದೆ. ಆ ಪೆಟ್ಟಿಗೆಗೆ ಹೊಂದುವ ಒಂದು ಸಣ್ಣ ಯುಪಿಎಸ್ ಕೊಂಡು ಹಾಕಿ. ಸೊಪ್ಪು ಬೇಯಿಸಲು ಕೂರುವ ಮುಂಚೆ ಒಂದು ಸಂಜೆ ಮೇನ್ ಸ್ವಿಚ್ ಆರಿಸಿ, ಫೋನು ಎತ್ತಿ ಟೋನ್ ಬರುತ್ತದೆಯೇ ಕೇಳಿ.

ಆ ರಾತ್ರಿಯ ಮರುವಾರವೇ ನಾನು ಮೈಸೂರಿಗೆ ಬಸ್ಸು ಹತ್ತಿ ಮೈದುನನ ಮನೆಗೆ ಹೋಗಿ ನಮ್ಮ ತಂತಿಯ ಫೋನನ್ನು ವಾಪಸು ತಂದೆ. ಅವನು ಇವತ್ತಿಗೂ ಆ ವಿಷಯ ಎತ್ತಿದರೆ ಮಾತು ಮರೆಸುತ್ತಾನೆ. ಎರಡೂ ಫೋನುಗಳನ್ನು ಒಂದೇ ಲೈನಿಗೆ ಜೋಡಿಸಿದ್ದೇನೆ. ನಿಮ್ಮ ಮನೆಯ ಹಳೆಯ ತಂತಿಯ ಫೋನನ್ನು ಯಾರು ಕೇಳಿದರೂ ಕೊಡಬೇಡಿ.