ನೀರು ಕುಡಿಸಿದರೆ ಸಾಲದು, ಹದ ಇಳಿಸಬೇಕು

ಶೇಂಗಾ ಹೊಲದಲ್ಲಿ ಕಳೆ ತೆಗೆಯುವಾಗ ಕುರ್ಚಿಗೆ ಮೊಂಡಾಗಿದ್ದರೆ ಬೇರು ನೆಲದಲ್ಲೇ ಉಳಿಯುತ್ತದೆ, ಮೇಲಿನ ಹುಲ್ಲು ಮಾತ್ರ ಕಿತ್ತು ಬರುತ್ತದೆ. ಹದಿನೈದು ದಿನಕ್ಕೆ ಕಳೆ ಮತ್ತೆ ಏಳುತ್ತದೆ, ಕೂಲಿ ಎರಡು ಸಲ ಕೊಡಬೇಕು. ಹಿಂದೆ ಸುಗ್ಗಿಯಲ್ಲಿ ಕಾಳು ಕೊಟ್ಟರೆ ಊರ ಕುಲುಮೆಯಲ್ಲಿ ವರ್ಷವಿಡೀ ಹತಾರ ತಟ್ಟಿಕೊಡುತ್ತಿದ್ದರು. ಈಗ ಎಷ್ಟೋ ಹಳ್ಳಿಗಳಲ್ಲಿ ಕುಲುಮೆ ಆರಿದೆ. ಸಂತೆಯಿಂದ ತಂದ ಹತಾರ ಒಂದೋ ಬಾಗುತ್ತೆ, ಇಲ್ಲಾ ಕಲ್ಲಿಗೆ ತಾಗಿ ಚಕ್ಕೆ ಹಾರುತ್ತೆ. ಏಳನೇ ಕ್ಲಾಸಿನವರೆಗೆ ಓದಿದ ನಾನು ಈ ವಿದ್ಯೆ ಕಲಿತದ್ದು ಕುಲುಮೆಯಲ್ಲಿ ತಿದಿ ಒತ್ತುತ್ತಾ. ಗೊತ್ತಿರುವಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಉಕ್ಕು ಗುರುತಿಸಿ

ಉಕ್ಕಿಗೆ ಗಡಸುತನ ಬರೋದು ಇಂಗಾಲದಿಂದ. ಕಿಟಕಿ ಸರಳಿನಂಥ ಮೆತು ಉಕ್ಕಿನಲ್ಲಿ ಇಂಗಾಲ ನೂರಕ್ಕೆ 0.25ಕ್ಕಿಂತ ಕಡಿಮೆ. ಅದನ್ನು ಎಷ್ಟು ಕಾಸಿ ಅದ್ದಿದರೂ ಬಾಯಿ ನಿಲ್ಲುವುದಿಲ್ಲ. ಲಾರಿ ಸ್ಪ್ರಿಂಗ್ ಪಟ್ಟೆಯಲ್ಲಿ ಸುಮಾರು 0.6, ಒಳ್ಳೆಯ ಅರದಲ್ಲಿ 1ಕ್ಕೂ ಮೇಲೆ ಇರುತ್ತದೆ. ಸಾಣೆ ಚಕ್ರಕ್ಕೆ ಹಿಡಿದು ಕಿಡಿ ನೋಡಿ. ಮೆತು ಉಕ್ಕಿನ ಕಿಡಿ ಉದ್ದ ಗೆರೆಯಾಗಿ ಹೋಗುತ್ತೆ. ಇಂಗಾಲ ಹೆಚ್ಚಿದ್ದರೆ ಸುರುಸುರು ಬತ್ತಿಯಂತೆ ಕವಲೊಡೆದು ಸಿಡಿಯುತ್ತೆ.

ಹಳೇ ಅರದಿಂದ ಕುರ್ಚಿಗೆ ಮಾಡುವುದಾದರೆ ಅದನ್ನು ಕೆಂಪಗೆ ಕಾಸಿ ರಾತ್ರಿಯಿಡೀ ಬೂದಿಯಲ್ಲಿ ಹೂತಿಡಿ. ನಿಧಾನ ಆರಿದರೆ ಮೆತ್ತಗಾಗುತ್ತೆ. ಹಲ್ಲು ಉಜ್ಜಿ ತೆಗೆದು, ಮತ್ತೆ ಕಾಸಿ ತಟ್ಟಿ. ಕೆಂಪು ಹೋಗಿ ಕಪ್ಪಾದ ಮೇಲೆ ತಟ್ಟಬೇಡಿ, ಬಿರುಕು ಬಿಡುತ್ತೆ.

ಕಾಸುವುದು, ಅದ್ದುವುದು

ಈ ಕೆಲಸ ನೆರಳಲ್ಲೇ ಆಗಬೇಕು, ಬಿಸಿಲಲ್ಲಿ ಬಣ್ಣ ತಿಳಿಯುವುದಿಲ್ಲ. ಬಾಯಿಯ ಉದ್ದಕ್ಕೂ ಒಂದೇ ಸಮ ಕೆಂಪಾಗಲಿ. ಹಳೇ ಸ್ಪೀಕರಿನ ಅಯಸ್ಕಾಂತ ತಂತಿಗೆ ಕಟ್ಟಿಟ್ಟುಕೊಳ್ಳಿ. ಅದು ಉಕ್ಕಿಗೆ ಅಂಟದೇ ಹೋದರೆ ಕಾವು ಸುಮಾರು 770 ಡಿಗ್ರಿ ಮುಟ್ಟಿದೆ ಎಂದರ್ಥ. ಅದಕ್ಕಿಂತ ಒಂದಿಷ್ಟೇ ಹೆಚ್ಚು ಕಾಯಲಿ, ಸಾಕು. ಬೆಳ್ಳಗಾಗಿ ಕಿಡಿ ಉಗುಳಿದರೆ ಉಕ್ಕು ಸುಟ್ಟಿತು. ಅಷ್ಟು ಭಾಗ ಕತ್ತರಿಸಿ ಎಸೆಯದೆ ಬೇರೆ ದಾರಿಯಿಲ್ಲ.

ಅರದ ಉಕ್ಕನ್ನು ಉಗುರುಬೆಚ್ಚಗಿನ ನೀರಿಗೆ ಬಾಯಿ ಕೆಳಗೆ ಮಾಡಿ ನೇರ ಅದ್ದಿ ಆಡಿಸಿ. ಲಾರಿ ಪಟ್ಟೆಯಲ್ಲಿ ಮ್ಯಾಂಗನೀಸು, ಸಿಲಿಕಾನಿನಂಥ ಬೇರೆ ಧಾತುಗಳೂ ಸೇರಿರುವುದರಿಂದ ನೀರಿನಲ್ಲಿ ಸೀಳಬಹುದು, ಅದಕ್ಕೆ ಎಣ್ಣೆಯೇ ಸರಿ. ಎಣ್ಣೆ ಕಬ್ಬಿಣದ ಪಾತ್ರೆಯಲ್ಲಿರಲಿ, ಮುಚ್ಚಳ ಕೈಗೆ ಸಿಗುವಂತಿರಲಿ. ಹೊತ್ತಿಕೊಂಡರೆ ಮುಚ್ಚಿ ಆರಿಸಿ, ನೀರು ಮಾತ್ರ ಹಾಕಬೇಡಿ.

ಬೇರೆ ಅರದಿಂದ ಉಜ್ಜಿ ನೋಡಿ. ಕಚ್ಚದೆ ಜಾರಿದರೆ ಗಡಸಾಗಿದೆ.

ಹದ ಇಳಿಸುವುದು

ಅವಸರದವರು ಇಲ್ಲಿಗೇ ನಿಲ್ಲಿಸುತ್ತಾರೆ. ಈಗಿನ ಉಕ್ಕು ಗಾಜಿನಂತೆ, ಕಲ್ಲು ತಾಗಿದರೆ ಮುರಿಯುತ್ತೆ. ನೆಲ ಕೆಸರಾದರೂ ಬಿತ್ತಲಾಗದು, ಒಣಗಿದರೂ ಆಗದು, ನಡುವೆ ಒಂದು ಹದ ಇದೆಯಲ್ಲ? ಉಕ್ಕಿಗೂ ಹಾಗೇ. ತಡಮಾಡದೆ ಅಲಗಿನ ಒಂದು ಮಗ್ಗುಲನ್ನು ಕಲ್ಲಿನಿಂದ ಬೆಳ್ಳಗೆ ಉಜ್ಜಿ, ಬೆನ್ನಿನ ಕಡೆಯಿಂದ ಸಣ್ಣ ಕೆಂಡದ ಕಾವು ಕೊಡಿ. ಬಣ್ಣ ಬಾಯಿಯತ್ತ ಹರಿದು ಬರುತ್ತೆ:

ಒಣ ಹುಲ್ಲಿನ ಬಣ್ಣ, ಸುಮಾರು 230 ಡಿಗ್ರಿ: ಬಲು ಗಡಸು, ಪೆಟ್ಟು ತಡೆಯದು.
ಕಂದು, 255: ಕುಡುಗೋಲಿಗೆ ಸಾಕು.
ನೇರಳೆ, 280: ಕುರ್ಚಿಗೆ, ಮಚ್ಚಿಗೆ.
ನೀಲಿ, 300: ಕೊಡಲಿಗೆ, ಕಲ್ಲುನೆಲದ ಗುದ್ದಲಿಗೆ.

ಬೇಕಾದ ಬಣ್ಣ ಬಾಯಿ ಮುಟ್ಟಿದ ಕೂಡಲೇ ನೀರಿಗೆ ಅದ್ದಿ ನಿಲ್ಲಿಸಿ. ಬಣ್ಣ ಮೀರಿತೋ, ಮತ್ತೆ ಮೊದಲಿಂದ ಕಾಸಬೇಕು.

ಸಾಣೆಯಲ್ಲಿ ಎಚ್ಚರ

ಇಷ್ಟು ಕಷ್ಟಪಟ್ಟ ಹದ ಕರೆಂಟಿನ ಸಾಣೆಯಲ್ಲಿ ಅರೆಗಳಿಗೆಗೆ ಹೋಗುತ್ತದೆ. ತೆಳು ಬಾಯಿ ಕಾದು ನೀಲಿಯಾಗಿ ಬೂದು ಬಣ್ಣಕ್ಕೆ ತಿರುಗಿದರೆ ಅಲ್ಲಿ ಉಕ್ಕು ಮೆತ್ತಗಾಗಿದೆ. ಮತ್ತೆ ಮತ್ತೆ ನೀರಿಗೆ ಅದ್ದುತ್ತಾ ಹಿಡಿಯಿರಿ, ಕಣ್ಣಿಗೆ ಕನ್ನಡಕ ಹಾಕಿ. ಕೈಸಾಣೆ ಕಲ್ಲಾದರೆ ಈ ಭಯವೇ ಇಲ್ಲ.

ಗುಜರಿಯ ಒಂದು ಹಳೇ ಅರದಿಂದ ಶುರು ಮಾಡಿ ನೋಡಿ. ನಿಮ್ಮೂರಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ಕೆಲಸ ಅಲ್ಲಿಗೇ ಕೊಡಿ, ಮಕ್ಕಳನ್ನೂ ಕರೆದೊಯ್ಯಿರಿ. ಬಣ್ಣಗಳ ಹೆಸರನ್ನು ನಾನು ಬರೆದು ಹೇಳಬಹುದು. ಅದನ್ನು ಗುರುತಿಸುವ ಕಣ್ಣು ಮಾತ್ರ ಕುಲುಮೆ ಮುಂದೆ ಕೂತೇ ಬರಬೇಕು.