ವೀರಗಲ್ಲನ್ನು ಓದಿಸುವ ಬಗೆ: ಗೋಪನಕೊಪ್ಪದ ಶಾಲೆಗಳಿಗೊಂದು ಕ್ಷೇತ್ರಭೇಟಿ ಪಾಠ

ಗೋಪನಕೊಪ್ಪದ ಶಾಲೆಗಳಲ್ಲಿ ಬೋಧನಾಭ್ಯಾಸ ಮಾಡುವ ಪ್ರಶಿಕ್ಷಣಾರ್ಥಿಗಳು ಕ್ಷೇತ್ರಭೇಟಿ ಎಂದೊಡನೆ ಹಂಪಿ, ಬಾದಾಮಿ ಎಂದು ಬರೆದುಬಿಡುತ್ತಾರೆ. 25 ಕಿ.ಮೀ. ಒಳಗೇ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯವಿದೆ, ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಹುಬ್ಬಳ್ಳಿಯಲ್ಲೇ ರೈಲ್ವೆ ಮ್ಯೂಸಿಯಂ ಇದೆ. ಆದರೆ ಎಲ್ಲವನ್ನೂ ಒಂದೇ ದಿನ ತೋರಿಸಿದರೆ ಮಕ್ಕಳಿಗೆ ನೆನಪುಳಿಯುವುದು ಬಸ್ಸು ಮತ್ತು ಬುತ್ತಿ ಮಾತ್ರ. ಒಂದು ಭೇಟಿಗೆ ಒಂದು ಸ್ಥಳ, ಒಂದು ವಸ್ತು ಸಾಕು ಎಂಬುದು ನನ್ನ ಅಭಿಪ್ರಾಯ.

1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಗೆ ಹೋದರೆ ವೀರಗಲ್ಲಿನ ಮುಂದೆ ನಿಲ್ಲಿಸಿ. ವಿವರಣೆ ಕೊಡಬೇಡಿ. ‘ಇದನ್ನು ಎಲ್ಲಿಂದ ಓದುತ್ತೀರಿ?’ ಎಂದಷ್ಟೇ ಕೇಳಿ. ಪಠ್ಯಪುಸ್ತಕದ ರೂಢಿಯಂತೆ ಮಕ್ಕಳು ಮೇಲಿನಿಂದ ಶುರುಮಾಡುತ್ತಾರೆ. ಆಗ ಲಿಂಗದ ಮುಂದೆ ಕುಳಿತವನು ಅಪ್ಸರೆಯರ ಜೊತೆ ಇಳಿದು ಬಂದು ಯುದ್ಧ ಮಾಡಿದಂತಾಗುತ್ತದೆ. ಕಥೆ ಕೂಡುವುದಿಲ್ಲ. ಐದು ನಿಮಿಷ ಹಾಗೆಯೇ ಬಿಡಿ. ಇಲ್ಲಿ ಬಾಯಿ ಹಾಕುವುದೇ ಹೊಸ ಶಿಕ್ಷಕರ ದೊಡ್ಡ ತೊಂದರೆ. ಮೂರೂ ಪಟ್ಟಿಕೆಗಳಲ್ಲಿ ಒಬ್ಬನೇ ವ್ಯಕ್ತಿಯನ್ನು ಹುಡುಕಿರಿ ಎಂದರೆ ಯಾರಾದರೂ ಒಬ್ಬರು ಕೆಳಗಿನಿಂದ ಓದತೊಡಗುತ್ತಾರೆ: ಕಾದಾಟ, ಸ್ವರ್ಗಕ್ಕೆ ಒಯ್ಯುವುದು, ದೇವರ ಸನ್ನಿಧಿ.

ನಂತರ ತುರುಗೋಳಿನ ಮಾತು ಬರಲಿ. ಊರಿನ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವರಿಗೂ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಅರಸರ ಹೆಸರುಗಳನ್ನೇ ಬಾಯಿಪಾಠ ಮಾಡಿದ ಮಕ್ಕಳಿಗೆ ಇದು ಹೊಸತು. ನಮ್ಮ ಹಳ್ಳಿಗಳ ಗುಡಿಯಂಗಳದಲ್ಲಿ, ಕೆರೆ ದಂಡೆಯಲ್ಲಿ ಎಷ್ಟೋ ವೀರಗಲ್ಲುಗಳು ಸುಣ್ಣ ಬಳಿಸಿಕೊಂಡು, ಅರ್ಧ ಹೂತು ನಿಂತಿವೆ. ಅಜ್ಜಿಯ ಊರಿಗೆ ಹೋದ ಮಗು ಅದನ್ನು ಗುರುತಿಸಿದರೆ ಆ ಕಲ್ಲು ಉಳಿಯುವ ಸಾಧ್ಯತೆ ಹೆಚ್ಚು.

ತರಗತಿಗೆ ಮರಳಿದ ಮೇಲೆ ಒಂದು ಚಟುವಟಿಕೆ ಕೊಡಬಹುದು. 1942ರ ಚಳವಳಿಯಲ್ಲಿ ಹುಬ್ಬಳ್ಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಬಾಲಕ ನಾರಾಯಣ ಡೋಣಿಗೆ ಮೂರು ಪಟ್ಟಿಕೆಗಳ ಕಲ್ಲನ್ನು ಚಿತ್ರಿಸಲಿ. ಕೆಳಗಿನ ಪಟ್ಟಿಕೆ ಸುಲಭ. ಮೇಲಿನದರಲ್ಲಿ ಏನಿರಬೇಕು ಎಂಬಲ್ಲಿ ವಾದ ಹುಟ್ಟುತ್ತದೆ. ಆ ವಾದವನ್ನೇ ಮೌಲ್ಯಮಾಪನಕ್ಕೆ ಬಳಸಿರಿ, ಚಿತ್ರದ ಅಂದವನ್ನಲ್ಲ.

ವಿಜ್ಞಾನ, ಗಣಿತದವರಿಗೆ ರೈಲ್ವೆ ಮ್ಯೂಸಿಯಂ ಹತ್ತಿರ. ಹೋಗುವ ಮೊದಲೇ ಶಾಲೆಯ ಅಂಗಳದಲ್ಲಿ 1000 ಮಿ.ಮೀ. ಮತ್ತು 1676 ಮಿ.ಮೀ. ಅಂತರದಲ್ಲಿ ಸುಣ್ಣದ ಗೆರೆ ಎಳೆಸಿ. ಮೊದಲನೆಯದು ಮೀಟರ್‌ಗೇಜ್, ಎರಡನೆಯದು ಬ್ರಾಡ್‌ಗೇಜ್. ಸದರ್ನ್ ಮರಾಠಾ ರೈಲ್ವೆ ಈ ಭಾಗಕ್ಕೆ ತಂದದ್ದು ಮೀಟರ್‌ಗೇಜ್. ಎರಡು ಗೇಜ್ ಕೂಡುವ ನಿಲ್ದಾಣದಲ್ಲಿ ಹತ್ತಿಯ ಅಂಡಿಗೆಗಳಿಗೆ ಏನಾಗುತ್ತಿತ್ತು ಎಂದು ಕೇಳಿ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದ ಅಜ್ಜ ಯಾರಿಗಾದರೂ ಇದ್ದರೆ ಅವರನ್ನೇ ಕರೆಸಿರಿ.

ಪಕ್ಕದ ಬೆಂಗೇರಿಯನ್ನು ಮರೆಯಬಾರದು. ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ರಾಷ್ಟ್ರಧ್ವಜ ಘಟಕ ಅಲ್ಲಿದೆ. 3:2 ಅನುಪಾತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 2021ರ ಡಿಸೆಂಬರಿನ ತಿದ್ದುಪಡಿಯಿಂದ ಪಾಲಿಸ್ಟರ್ ಧ್ವಜಕ್ಕೂ ಅವಕಾಶವಾಯಿತು. ಇದರಿಂದ ನೂಲುವವರ, ಹೊಲಿಯುವವರ ಕೂಲಿಗೆ ಏನಾದೀತು ಎಂದು ಎಂಟನೆಯ ತರಗತಿಯ ಮಕ್ಕಳು ಚರ್ಚಿಸಬಲ್ಲರು. ಅದು ಮ್ಯೂಸಿಯಂ ಅಲ್ಲ, ದುಡಿಮೆಯ ಜಾಗ. ಮುಂಚಿತವಾಗಿ ಅನುಮತಿ ಪಡೆದು, ಸಣ್ಣ ತಂಡಗಳಲ್ಲಿ ಕರೆದೊಯ್ಯಿರಿ. ಹೊಲಿಗೆಯವರ ಕೆಲಸ ನಿಲ್ಲಿಸಿ ಪ್ರಶ್ನೆ ಕೇಳಿಸಬೇಡಿ, ಅವರ ಊಟದ ವಿರಾಮಕ್ಕೆ ಕಾಯಿರಿ.